ಪಂಪಿನೊಳಗೆ ಕಲ್ಲು ಹೋಗದ ಡ್ರೆಜ್: ತೋಟದ ಕೆರೆಗಾಗಿ ಕಟ್ಟಿದ್ದು

ನೀರಿನ ತಳದ ಮರಳು, ಹೂಳು ಮೇಲೆತ್ತುವ ಸಕ್ಷನ್ ಡ್ರೆಜ್ ಅಂದ ಕೂಡಲೇ ಪಂಪಿನ ಬಾಯಿಗೆ ದಪ್ಪ ಹೋಸು ಸಿಕ್ಕಿಸಿ ಮರಳು, ಕಲ್ಲು ಎಳೆಯುವ ಯಂತ್ರ ಎಂದುಕೊಳ್ಳುವವರೇ ಹೆಚ್ಚು. ಮಾಮೂಲಿ ನೀರಿನ ಪಂಪಿನಲ್ಲಿ ಹಾಗೆ ಮಾಡಿದರೆ ಅದು ಬಾಳುವುದಿಲ್ಲ. ಮರಳು ಒಳಗೆ ತಿರುಗುವ ಚಕ್ರವನ್ನು, ಅಂದರೆ ಇಂಪೆಲ್ಲರನ್ನು, ಸವೆಸುತ್ತದೆ, ಸೀಲ್ ಹಾಳಾಗಿ ನೀರು ಸೋರತೊಡಗುತ್ತದೆ, ಅಡಿಕೆ ಗಾತ್ರದ ಕಲ್ಲೊಂದು ಸಿಕ್ಕಿಕೊಂಡರಂತೂ ಪಂಪನ್ನು ಬಿಚ್ಚಲೇಬೇಕು. ಹೊಳೆಯಲ್ಲಿ ಚಿನ್ನ ಹುಡುಕುವವರಿಗೆಂದು ಬೇರೆ ದೇಶಗಳಲ್ಲಿ ಬೆಳೆದುಬಂದ ಸಣ್ಣ ಡ್ರೆಜ್ಜಿನ ಜಾಣತನ ಇಲ್ಲೇ ಇದೆ. ಅದರಲ್ಲಿ ಒಂದು ಕಲ್ಲೂ ಪಂಪಿನೊಳಗೆ ಹೋಗುವುದಿಲ್ಲ. ಪಂಪು ತಿಳಿನೀರನ್ನಷ್ಟೇ ಎಳೆದು, ಒಂದು ಸಣ್ಣ ನಾಜಲ್ಲಿನ ಮೂಲಕ ದಪ್ಪ ಕೊಳವೆಯೊಳಕ್ಕೆ ಚಿಮ್ಮಿಸುತ್ತದೆ. ಆ ಚಿಮ್ಮು ಅಕ್ಕಪಕ್ಕದ ನೀರನ್ನೂ ಸೆಳೆದುಕೊಂಡು ಮುಂದಕ್ಕೆ ಓಡುತ್ತದೆ. ಹಿಂದೆ ಒತ್ತಡ ಇಳಿಯುತ್ತದೆ. ಹೋಸಿನ ತುದಿಯಲ್ಲಿ ನೀರು, ಮರಳು, ಕಲ್ಲು ಎಲ್ಲ ಒಟ್ಟಿಗೆ ಮೇಲೇಳುತ್ತವೆ.

ಡ್ರಿಪ್ ಹಾಕಿದ ತೋಟದವರಿಗೆ ಇದು ಹೊಸದಲ್ಲ. ಗೊಬ್ಬರದ ನೀರನ್ನು ಲೈನಿಗೆ ಎಳೆಯುವ ವೆಂಚುರಿ ಮಾಡುವುದೂ ಇದನ್ನೇ. ಆಳದ ಬಾವಿಗೆ ಎರಡು ಪೈಪು ಇಳಿಸಿ ಕೂರಿಸುತ್ತಿದ್ದ ಜೆಟ್ ಪಂಪಿನಲ್ಲೂ ಇದೇ ತತ್ವ. ವ್ಯತ್ಯಾಸ ಗಾತ್ರದಲ್ಲಿ, ಮತ್ತು ಈ ಕೊಳವೆಯ ಮೂಲಕ ಕಲ್ಲು ಸರಾಗವಾಗಿ ದಾಟಿಹೋಗಬೇಕು ಎಂಬುದರಲ್ಲಿ.

ನಾನು ಕಟ್ಟಿದ್ದು ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಕೆರೆಗೆ. ಗುಡ್ಡದ ನೀರು ಇಳಿದು ಬರುವ ಬಾಯಿಯಲ್ಲಿ ವರ್ಷ ವರ್ಷ ಮರಳು, ಜಲ್ಲಿಕಲ್ಲು, ಎಲೆ ಕೊಳೆತ ಗೋಡು ಬಂದು ಕೂತು, ಬೇಸಿಗೆಯಲ್ಲಿ ನೀರು ನಿಲ್ಲುವ ಜಾಗವೇ ಕಡಿಮೆಯಾಗಿತ್ತು. ಹಿಟಾಚಿ ತರಿಸಬೇಕಾದರೆ ಅಡಿಕೆ ಮರಗಳ ನಡುವೆ ದಾರಿ ಮಾಡಬೇಕು, ಏರಿ ಕಡಿಯಬೇಕು. ಏರಿಯನ್ನು ಒಮ್ಮೆ ಕಡಿದರೆ ಮತ್ತೆ ಅಷ್ಟೇ ಗಟ್ಟಿಯಾಗಿ ಕೂರಿಸುವುದು ಸುಲಭವಲ್ಲ. ಆಳುಗಳಿಂದ ತೆಗೆಸೋಣವೆಂದರೆ ನೀರು ಪೂರ್ತಿ ಖಾಲಿ ಮಾಡಬೇಕು, ಅದೂ ತೋಟಕ್ಕೆ ನೀರು ಬೇಕಾದ ಹೊತ್ತಿನಲ್ಲೇ. ನೀರಿರುವಾಗಲೇ ಮರಳು ಎತ್ತುವ ಯಂತ್ರ ಬೇಕಿತ್ತು. ಅದಕ್ಕೆ ಚಿನ್ನದ ಡ್ರೆಜ್ಜಿಗಿಂತ ಸರಿಯಾದ ಮಾದರಿ ನನಗೆ ಕಾಣಲಿಲ್ಲ. ಚಿನ್ನ ಹಿಡಿಯುವ ಪೆಟ್ಟಿಗೆಯನ್ನೂ ಸೇರಿಸಿಯೇ ಕಟ್ಟಿದೆ. ಭಾರದ ಕಣ ಹಗುರ ಕಣದಿಂದ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು.

ಹೊಳೆಗೆ ಏಕೆ ಇಳಿಸಲಿಲ್ಲ

ನೋಡಿದವರೆಲ್ಲ ಕೇಳಿದ ಮೊದಲ ಪ್ರಶ್ನೆ ಇದು. ಪಕ್ಕದ ಮನೆಯ ದೊಡ್ಡಯ್ಯನವರು ಬಂದವರೇ, 'ಮಾರಾಯ, ಇದನ್ನ ತುಂಗೆಗೆ ಇಳಿಸಿದ್ರೆ ಏನಾದ್ರೂ ಸಿಕ್ತದಾ?' ಅಂದರು. ಅವರು ಕೇಳಿದ್ದರಲ್ಲಿ ಅರ್ಥವಿದೆ. ಶಿವಮೊಗ್ಗದ ಶಿಸ್ಟ್ ಪಟ್ಟಿ, ಅಂದರೆ ಚಿನ್ನ ಸಿಗುವ ಬಗೆಯ ಪದರುಗಲ್ಲಿನ ನೆಲ, ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. ಹೊನ್ನಾಳಿ ಸುತ್ತಮುತ್ತ ಚಿನ್ನದ ಹಳೆಯ ಕೆಲಸದ ಗುರುತುಗಳಿವೆ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರದ ಮರಿಗೆಯಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರಿದ್ದರು. 1870ರ ದಶಕದಲ್ಲಿ ಆ ಗುಡ್ಡಗಳ ಚಿನ್ನದ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬರೆದಿಟ್ಟಿದ್ದಾರೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ರಾಯಚೂರಿನ ಹಟ್ಟಿ ಈಗಲೂ ನಡೆಯುತ್ತಿದೆ. ಹೀಗಿರುವಾಗ ಮಲೆನಾಡಿನ ಮರಳಲ್ಲಿ ಏನಿರಬಹುದು ಎಂಬ ಕುತೂಹಲ ತಪ್ಪಲ್ಲ.

ಆದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯ 4ನೇ ಕಲಮಿನ ಪ್ರಕಾರ ಪರವಾನಗಿಯಾಗಲಿ ಗುತ್ತಿಗೆಯಾಗಲಿ ಇಲ್ಲದೆ ಖನಿಜ ಹುಡುಕುವಂತಿಲ್ಲ, ತೆಗೆಯುವಂತಿಲ್ಲ. ಕಾಡಿನೊಳಗೆ ಅರಣ್ಯ ಕಾಯ್ದೆಗಳು ಬೇರೆ ಇವೆ. ಕಾನೂನು ಒಂದು ಕಡೆ ಇರಲಿ, ನನಗೆ ಅದಕ್ಕಿಂತ ದೊಡ್ಡ ಕಾರಣ ಮೀನು. ನಮ್ಮ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ, ಮೇಲೆ ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ದೇವರ ಮೀನೆಂದು ಕಾಪಾಡಿಕೊಂಡು ಬಂದ ಜನ ನಾವು. ಜಲ್ಲಿಯ ಸಂದಿನಲ್ಲಿ ಮೊಟ್ಟೆ ಇಡುವ ಮೀನುಗಳಿಗೆ ಆ ಸಂದಿನೊಳಗೆ ನೀರು ಆಡುತ್ತಿರಬೇಕು. ಡ್ರೆಜ್ ಮೇಲೆಬ್ಬಿಸಿದ ನುಣುಪು ಮಣ್ಣು ಕೆಳಗಡೆ ಹೋಗಿ ಅದನ್ನೇ ಮುಚ್ಚುತ್ತದೆ. ಇಂಥ ಡ್ರೆಜ್ಜುಗಳು ಬಹಳ ಬಳಕೆಯಲ್ಲಿದ್ದ ಕ್ಯಾಲಿಫೋರ್ನಿಯಾದಲ್ಲೇ 2009ರಲ್ಲಿ ಅವಕ್ಕೆ ತಡೆ ಬಿತ್ತು. ಮೀನಿನ ಸಂತತಿಯ ಚಿಂತೆಯ ಜೊತೆಗೆ, ಹಿಂದಿನ ಚಿನ್ನದ ಭರಾಟೆಯಲ್ಲಿ ಬಳಸಿದ್ದ ಪಾದರಸ ಹೊಳೆಯ ತಳದಿಂದ ಮತ್ತೆ ಮೇಲೇಳುತ್ತದೆ ಎಂಬ ಆತಂಕವೂ ಅಲ್ಲಿನ ವಾದದಲ್ಲಿತ್ತು. ಹಾಗಾಗಿ ಈ ಯಂತ್ರ ಹರಿಯುವ ಹೊಳೆಗೆ ಇಳಿಯುವುದಿಲ್ಲ. ನೋಡಿ ಕಟ್ಟಿಕೊಳ್ಳುವವರಿಗೂ ಅದನ್ನೇ ಹೇಳುತ್ತೇನೆ: ನಿಂತ ನೀರು, ಸ್ವಂತ ಕೆರೆ, ಹೊರಗೆ ಹರಿಯದ ಕೆಸರು.

ಜೆಟ್

ಇಡೀ ಡ್ರೆಜ್ಜಿನಲ್ಲಿ ತಲೆ ಓಡಿಸಬೇಕಾದದ್ದು ಇದೊಂದಕ್ಕೇ. ಉಳಿದದ್ದೆಲ್ಲ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ.

ಪಂಪು 2 ಇಂಚಿನದು, 5.5 ಎಚ್‌ಪಿ ಪೆಟ್ರೋಲ್ ಇಂಜಿನ್. ಒತ್ತಡವೇ ಇಲ್ಲದೆ ಹರಿಸಿದರೆ ನಿಮಿಷಕ್ಕೆ 600 ಲೀಟರ್, ಗರಿಷ್ಠ ಎತ್ತರ 32 ಮೀಟರ್. ಔಷಧಿ ಹೊಡೆಯುವ ಎಚ್‌ಟಿಪಿ ಪಂಪು ಇದಕ್ಕೆ ಆಗುವುದಿಲ್ಲ. ಅದರಲ್ಲಿ ಒತ್ತಡ ಬೇಕಾದಷ್ಟಿದೆ, ನೀರಿನ ಪ್ರಮಾಣವಿಲ್ಲ. ಜೆಟ್ಟಿನ ಎಳೆತ ಬರುವುದು ನೀರಿನ ಪ್ರಮಾಣ ಮತ್ತು ವೇಗದ ಗುಣಲಬ್ಧದಿಂದ. ತೆಳ್ಳಗೆ, ಜೋರಾಗಿ ಹೊಡೆದರೆ ಸಾಲದು.

ನಾಜಲ್ಲಿಗೆ ಹಿತ್ತಾಳೆ ಸರಳು ತಂದು ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಹಿತ್ತಾಳೆ ಮೆತ್ತಗಲ್ಲವೇ ಎಂದರೆ, ಇದರಲ್ಲಿ ಹೋಗುವುದು ತಿಳಿನೀರು ಮಾತ್ರ, ಸವೆಯುವುದು ತೀರಾ ಕಡಿಮೆ. 12, 16, 20 ಎಂಎಂ ರಂಧ್ರದ ಮೂರು ತುಂಡು ಮಾಡಿಸಿದ್ದು ಹೋಲಿಸಿ ನೋಡುವುದಕ್ಕೆ. ಒಳಗೆ ಹಿಂದಿನಿಂದ ಮುಂದಕ್ಕೆ ಕ್ರಮೇಣ ಕಿರಿದಾಗುತ್ತ ಬರಬೇಕು, ತುದಿಯಲ್ಲಿ ಒಂದಿಷ್ಟು ನೇರ ಭಾಗ ಉಳಿಯಬೇಕು. ಲೇತಿನ ಮೇಸ್ತ್ರಿಗೆ ಚಿತ್ರ ತೋರಿಸಿದಾಗ, 'ಗೌಡ್ರೆ, ಹೊರಗೆ ಹೆಂಗಾದ್ರೂ ಇರ್ಲಿ, ಒಳಗೆ ಮೆಟ್ಟಿಲು ಬೀಳ್ಬಾರ್ದು, ಅಲ್ವಾ?' ಎಂದು ಅವರೇ ಕೇಳಿದರು. ಹೌದು, ಅದೇ. ಒಳಗೆ ಮೆಟ್ಟಿಲಿದ್ದರೆ ನೀರು ಅಲ್ಲೇ ಸುಳಿ ತಿರುಗಿ, ಹೊರಗೆ ಬಂದೊಡನೆ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ನಾಜಲ್ಲಿನಿಂದ ಬರುವ ಜೆಟ್ ಒಂದಷ್ಟು ದೂರ ಗಾಜಿನ ಕೋಲಿನ ಹಾಗೆ ತಿಳಿಯಾಗಿ, ದುಂಡಗೆ ಇರುತ್ತದೆ. ಗಾಳಿಯಲ್ಲಿ ಹೊಡೆಸಿ ನೋಡಿದರೆ ಸಾಕು, ಕೆಲಸ ಹೇಗಾಗಿದೆಯೆಂದು ತಿಳಿಯುತ್ತದೆ.

ಪಂಪಿನ ಹೊರಬಾಯಿಗೆ ಪ್ರೆಷರ್ ಗೇಜ್ ಕೂರಿಸಿದ್ದೆ. 12 ಎಂಎಂ ನಾಜಲ್ಲಿನಲ್ಲಿ ಚದರ ಸೆಂಟಿಮೀಟರಿಗೆ 2.9 ಕೆಜಿ ತೋರಿಸಿತು, 16ರಲ್ಲಿ 2.5, 20ರಲ್ಲಿ 2ಕ್ಕೆ ಇಳಿಯಿತು. 2.5 ಕೆಜಿ ಎಂದರೆ 25 ಮೀಟರ್ ನೀರಿನ ಎತ್ತರ. ಆ ಎತ್ತರದಿಂದ ಬಿದ್ದ ನೀರಿನ ವೇಗ ಸೆಕೆಂಡಿಗೆ 22 ಮೀಟರ್. 16 ಎಂಎಂ ರಂಧ್ರದ ವಿಸ್ತೀರ್ಣದಿಂದ ಗುಣಿಸಿದರೆ ಸೆಕೆಂಡಿಗೆ 4 ಲೀಟರಿಗಿಂತ ಸ್ವಲ್ಪ ಹೆಚ್ಚು. 12ರಲ್ಲಿ ವೇಗ ಹೆಚ್ಚಿದರೂ ನೀರು ಎರಡೂವರೆ ಲೀಟರ್ ಮಾತ್ರ, ಎಳೆತ ಸಪ್ಪೆ. 20ರಲ್ಲಿ ಎಳೆತ 16ಕ್ಕಿಂತ ಹೆಚ್ಚೇ ಇತ್ತು. ಆದರೂ ನಾನು 16ಕ್ಕೇ ನಿಂತೆ. 20ರಲ್ಲಿ ಇಂಜಿನ್ನಿಗೆ ಹೊರೆ ಜಾಸ್ತಿ, ಪೆಟ್ರೋಲ್ ಜಾಸ್ತಿ, ಎಲ್ಲಕ್ಕಿಂತ ಮಿಗಿಲಾಗಿ ಪೆಟ್ಟಿಗೆಗೆ ಬರುವ ನೀರು ಅದರ ಅಗಲಕ್ಕೆ ಮೀರಿ ಸಣ್ಣ ಕಣಗಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು. ಬರೀ ಹೂಳೆತ್ತುವುದೊಂದೇ ಗುರಿಯಾದರೆ 20 ಹಾಕಿಕೊಳ್ಳಿ.

ಜೆಟ್ ಕೂರುವ ಕೊಳವೆ 63 ಎಂಎಂ ಹೊರವ್ಯಾಸದ ತೆಳು ಸ್ಟೀಲ್ ಟ್ಯೂಬು, ಒಳಗೆ 60. ಎರಡೂವರೆ ಇಂಚಿನ ಹಸಿರು ಸಕ್ಷನ್ ಹೋಸು ಇದರ ಮೇಲೆ ನೇರವಾಗಿ ಬಿಗಿಯಾಗಿ ಏರುತ್ತದೆ. ಪೇಟೆಯಲ್ಲಿ ಸಿಗುವ ದಪ್ಪ ಎರಕದ ಹೋಸ್ ನಿಪ್ಪಲ್ ಹಾಕಿದರೆ ಅದರ ಒಳವ್ಯಾಸ ಕಿರಿದು, ಕಲ್ಲು ಸಿಕ್ಕುವುದು ಅಲ್ಲೇ. ಜೆಟ್ ಪೈಪನ್ನು ಪಕ್ಕದಿಂದ ಓರೆಯಾಗಿ ಒಳಗೆ ಬಿಡಬೇಕು, ಓರೆ ಕಡಿಮೆಯಾದಷ್ಟೂ ಒಳ್ಳೆಯದು. ನೇರ ಅಡ್ಡಡ್ಡ ಬಿಟ್ಟರೆ ಜೆಟ್ ಎದುರು ಗೋಡೆಗೆ ಬಡಿದು ಶಕ್ತಿಯೆಲ್ಲ ಅಲ್ಲೇ ಮುಗಿಯುತ್ತದೆ. ನಾವು ಸುಮಾರು 20 ಡಿಗ್ರಿಗೆ ಇಟ್ಟು, ನಾಜಲ್ ತುದಿ ಕಲ್ಲಿನ ದಾರಿಗೆ ಚಾಚದ ಹಾಗೆ ಟ್ಯೂಬಿನ ಗೋಡೆಗೆ ಸಮ ಮಾಡಿ ಬೆಸೆದೆವು. ಒಳಗೆ ಉಳಿದ ವೆಲ್ಡಿಂಗ್ ಗಂಟುಗಳನ್ನು ಅರದಲ್ಲಿ ಉಜ್ಜಿ ನುಣುಪು ಮಾಡುವುದಕ್ಕೆ ಬೆಸುಗೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಬೆರಳು ಹಾಕಿ ಸವರಿದರೆ ಎಲ್ಲೂ ತಡೆಯಬಾರದು.

ಜೆಟ್ ಒಳಬಂದ ಜಾಗದಿಂದ ಮುಂದೆ 450 ಎಂಎಂ ನೇರ ಕೊಳವೆ ಬಿಟ್ಟಿದ್ದೇನೆ. ವೇಗದ ನೀರು ನಿಧಾನದ ನೀರಿನೊಡನೆ ಬೆರೆತು ಒಂದೇ ವೇಗಕ್ಕೆ ಬರುವುದಕ್ಕೆ ಕೊಳವೆಯ ವ್ಯಾಸದ ಆರೇಳು ಪಟ್ಟು ಉದ್ದ ಬೇಕು. ಜೆಟ್ ಮುಗಿದ ಕೂಡಲೇ ಪೈಪಿಗೆ ತಿರುವಿನ ಬೆಂಡು ಹಾಕಿದರೆ ಎಳೆತ ಅರ್ಧಕ್ಕೆ ಬಂದರೂ ಆಶ್ಚರ್ಯವಿಲ್ಲ.

ಹೋಸು, ಬಾಯಿ ಮತ್ತು ಗಾಳಿ

ಹೋಸಿನ ತುದಿಗೆ ಒಂದು ಮೊಳದ ಪೈಪು, ಅದರ ಬಾಯಿಗೆ ದಪ್ಪ ಸರಳಿನ ಬಳೆ. ಬಳೆಯ ಒಳವ್ಯಾಸ 48 ಎಂಎಂ. ಇಡೀ ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗ ಬಾಯಿಯೇ ಆಗಿರಬೇಕು. ಅಲ್ಲಿ ಹಿಡಿಸಿದ ಕಲ್ಲು ಮುಂದೆಲ್ಲೂ ಸಿಕ್ಕಬಾರದು. 48ರ ಬಾಯಿ, 60ರ ಕೊಳವೆ, ಅಂದರೆ ಐದರಲ್ಲಿ ನಾಲ್ಕು ಪಾಲು. ಚಪ್ಪಟೆ ಕಲ್ಲುಗಳು ಉದ್ದುದ್ದ ಬಂದು ಬೆಂಡಿನಲ್ಲಿ ಅಡ್ಡ ತಿರುಗುವುದು ಆಗಾಗ ಇದ್ದೇ ಇದೆ. ಆಗ ಹೊರಬಾಯಿಗೆ ಹಲಗೆ ಒತ್ತಿ ಹಿಡಿದರೆ ಜೆಟ್ಟಿನ ನೀರು ಹಿಂದಕ್ಕೆ ನುಗ್ಗಿ ಕಲ್ಲನ್ನು ಬಂದ ದಾರಿಯಲ್ಲೇ ತಳ್ಳುತ್ತದೆ. ಹಲಗೆಯನ್ನೇ ಬಳಸಬೇಕು, ಕೈ ಅಲ್ಲ.

ಇನ್ನು ಗಾಳಿ. ಜೆಟ್ಟಿಗಿಂತ ಹಿಂದಿನ ಯಾವ ಜೋಡಣೆಯಲ್ಲಿ ಸೂಜಿಮೊನೆಯಷ್ಟು ಸಂದಿದ್ದರೂ ಅದು ನೀರಿನ ಬದಲು ಗಾಳಿ ಎಳೆಯುತ್ತದೆ. ಹೊರಗಿನಿಂದ ಒಂದು ಹನಿಯೂ ಸೋರುವುದಿಲ್ಲವಾದ್ದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಹೊರಬೀಳುವ ನೀರು ಬೆಳ್ಳಗೆ ಹಾಲಿನಂತೆ ಕಂಡರೆ ಗಾಳಿ ಸೇರಿದೆ ಎಂದರ್ಥ. ಕ್ಲಿಪ್ಪಿನ ಅಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದಿದ್ದೇನೆ. ಅನುಮಾನ ಬಂದಾಗ ಆ ಜೋಡಣೆಯನ್ನು ನೀರೊಳಗೆ ಮುಳುಗಿಸಿ ನೋಡುತ್ತೇನೆ. ಮುಳುಗಿಸಿದಾಗ ಬಿಳುಪು ಹೋದರೆ ಕಳ್ಳ ಅಲ್ಲೇ ಇದ್ದಾನೆ.

ಪಂಪಿನ ಸ್ವಂತ ಸಕ್ಷನ್ನಿಗೆ ತೂತು ಕೊರೆದ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಫುಟ್‌ವಾಲ್ವ್ ಇಟ್ಟು, ಬಕೆಟ್ಟಿಗೆ ಸೊಳ್ಳೆಪರದೆ ಸುತ್ತಿ, ನೀರಿನ ಮಟ್ಟದಿಂದ ಒಂದಡಿ ಕೆಳಗೆ ತೂಗಿಬಿಟ್ಟಿದ್ದೇನೆ. ಕೆರೆಯ ತಳದಿಂದ ದೂರ, ಕೆಲಸ ನಡೆಯುವ ಕಡೆಯಿಂದಲೂ ದೂರ.

ತೆಪ್ಪ

ಆಳದ ಬಗ್ಗೆ ಜನರಿಗೆ ಒಂದು ತಪ್ಪು ತಿಳುವಳಿಕೆಯಿದೆ. ಕೆರೆ ಆಳವಾದಷ್ಟೂ ಎಳೆಯುವುದು ಕಷ್ಟ ಎಂದುಕೊಳ್ಳುತ್ತಾರೆ. ಹೋಸಿನ ಒಳಗೂ ನೀರು, ಹೊರಗೂ ನೀರು, ಒಂದರ ಭಾರವನ್ನು ಇನ್ನೊಂದು ಸರಿದೂಗಿಸುತ್ತದೆ. ಆಳದಲ್ಲಿ ಕಷ್ಟವಾಗುವುದು ಹೋಸಿನ ಉಜ್ಜಾಟ ಮತ್ತು ಒಳಗಿರುವ ಕಲ್ಲುಮರಳಿನ ಹೆಚ್ಚುವರಿ ತೂಕ ಮಾತ್ರ. ನಿಜವಾದ ಖರ್ಚು ನೀರಿನ ಮಟ್ಟದಿಂದ ಮೇಲಕ್ಕೆ ಎಷ್ಟು ಎತ್ತುತ್ತೀರಿ ಎಂಬುದರದ್ದು. ಇಂಥ ಅಗಲ ಕೊಳವೆಯ ಜೆಟ್ಟಿಗೆ ಎತ್ತುವ ಶಕ್ತಿ ಒಟ್ಟು ಎರಡು ಮೀಟರಿನ ಆಸುಪಾಸಿನದು. ಅದರಲ್ಲಿ ಪ್ರತಿ ಗೇಣಿಗೂ ಲೆಕ್ಕವಿದೆ.

ಅದಕ್ಕೇ 200 ಲೀಟರಿನ ನೀಲಿ ಡ್ರಮ್ಮುಗಳನ್ನು ಬಿಟ್ಟು 35 ಲೀಟರಿನ ಆರು ಚೌಕ ಕ್ಯಾನುಗಳನ್ನು ಅಡ್ಡ ಮಲಗಿಸಿ ಎರಡು ಸಾಲಿನಲ್ಲಿ ಕಟ್ಟಿದೆ. ಆರೂ ಸೇರಿ ಪೂರ್ತಿ ಮುಳುಗಿದರೆ ಸುಮಾರು 200 ಕೆಜಿ ಹೊರುತ್ತವೆ. ಪಂಪು, ಪೆಟ್ಟಿಗೆ, ಅದರಲ್ಲಿ ತುಂಬಿದ ಮರಳು ಎಲ್ಲ ಸೇರಿ ನೂರರ ಹತ್ತಿರ. ಹಾಗಾಗಿ ಕ್ಯಾನುಗಳು ಅರ್ಧ ಮುಳುಗಿ ತೇಲುತ್ತವೆ, ತೆಪ್ಪ ನೀರಿಗೆ ಅಂಟಿಕೊಂಡಂತೆ ತಗ್ಗಿನಲ್ಲಿರುತ್ತದೆ, ಪೆಟ್ಟಿಗೆಯ ಬಾಯಿ ನೀರಿನಿಂದ 40 ಸೆಂ.ಮೀ. ಮೇಲೆ ಮಾತ್ರ. ಡ್ರಮ್ಮಾಗಿದ್ದರೆ ಅದು ಎಷ್ಟೋ ಮೇಲೆ ಹೋಗಿರುತ್ತಿತ್ತು. ಚೌಕಟ್ಟು ಒಂದಿಂಚಿನ ಸ್ಕ್ವೇರ್ ಪೈಪು, ಮೇಲೆ ಅಡಿಕೆ ದಬ್ಬೆ ಹಾಸಿದ್ದೇನೆ. ಇಂಜಿನ್ ಮಟ್ಟವಾಗಿ ಕೂರಬೇಕು. ಓರೆಯಾದರೆ ಆಯಿಲ್ ಒಂದು ಕಡೆ ಸರಿದು ಇನ್ನೊಂದು ಕಡೆ ಒಣಗುತ್ತದೆ. ಪಂಪಿನ ಅಡಿಗೆ ಹಳೆಯ ಟೈರಿನ ತುಂಡು ಇಟ್ಟರೆ ನಡುಕವೂ ಕಡಿಮೆ.

ಚಿನ್ನದ ಪೆಟ್ಟಿಗೆ

ಸ್ಲೂಸ್ ಬಾಕ್ಸ್ ಎಂದರೆ ಎರಡೂ ತುದಿ ತೆರೆದ, ಓರೆಯಾಗಿ ಇಟ್ಟ ತೊಟ್ಟಿ. ನನ್ನದು 280 ಎಂಎಂ ಅಗಲ, 1.2 ಮೀಟರ್ ಉದ್ದ, ಗುಜರಿಯಿಂದ ತಂದ ಅಲ್ಯೂಮಿನಿಯಂ ಶೀಟಿನದು. ತಳಕ್ಕೆ ಗೆರೆಗೆರೆಯ ಕಪ್ಪು ರಬ್ಬರ್ ಮ್ಯಾಟು, ಅದರ ಮೇಲೆ ಒರಟು ಕಾರ್ಪೆಟ್ಟು, ಅದರ ಮೇಲೆ ವಜ್ರಾಕಾರದ ಕಣ್ಣಿನ ಲೋಹದ ಜಾಲರಿ, ಎಲ್ಲಕ್ಕಿಂತ ಮೇಲೆ ಮುಕ್ಕಾಲು ಇಂಚಿನ ಅಡ್ಡಪಟ್ಟಿಗಳು. ಪಟ್ಟಿಗಳ ಮೇಲ್ತುದಿ ನೀರು ಹೋಗುವ ದಿಕ್ಕಿಗೆ ಬಾಗಿರಬೇಕು. ನೀರು ಪಟ್ಟಿಯ ಮೇಲಿಂದ ಹಾರಿ ಅದರ ಹಿಂದೆ ಸುರುಳಿ ಸುತ್ತುತ್ತದೆ. ಹಗುರದ ಮರಳು ಆ ಸುರುಳಿಯಲ್ಲಿ ಮತ್ತೆ ಮೇಲೆದ್ದು ಮುಂದೆ ಹೋಗುತ್ತದೆ, ಭಾರದ್ದು ತಳದಲ್ಲೇ ಉಳಿಯುತ್ತದೆ.

ಇದರ ಹಿಂದಿರುವುದು ಸಾಂದ್ರತೆ. ನೀರಿಗೆ ಹೋಲಿಸಿದರೆ ಬೆಣಚುಕಲ್ಲು 2.65 ಪಟ್ಟು, ಮ್ಯಾಗ್ನೆಟೈಟ್ ಕಪ್ಪು ಮರಳು 5.2, ಸೀಸ 11.3, ಚಿನ್ನ 19.3. ನೀರೊಳಗೆ ಪ್ರತಿಯೊಂದಕ್ಕೂ ತನ್ನ ಗಾತ್ರದ ನೀರಿನಷ್ಟು ಭಾರ ಕಳೆಯುತ್ತದೆ, ಆಗ ಅಂತರ ಇನ್ನೂ ಹೆಚ್ಚು: ಬೆಣಚು 1.65, ಚಿನ್ನ 18.3. ಒಂದೇ ಗಾತ್ರದ ಎರಡು ಕಣಗಳಲ್ಲಿ ಒಂದು ಇನ್ನೊಂದಕ್ಕಿಂತ 11 ಪಟ್ಟು ಭಾರ. ಚಿನ್ನ ಹೊಳೆಯ ತಿರುವಿನ ಒಳಬದಿಯಲ್ಲಿ, ದೊಡ್ಡ ಬಂಡೆಯ ಹಿಂದೆ, ತಳಬಂಡೆಯ ಬಿರುಕಿನಲ್ಲಿ ಕೂರುವುದಕ್ಕೂ ಇದೇ ಕಾರಣ. ನೀರಿನ ಓಟ ಎಲ್ಲಿ ಸಡಿಲವಾಗುತ್ತದೋ ಅಲ್ಲಿ ಭಾರದ್ದು ಮೊದಲು ಬೀಳುತ್ತದೆ. ಪೆಟ್ಟಿಗೆಯ ಪ್ರತಿ ಅಡ್ಡಪಟ್ಟಿಯೂ ಅಂಥದೊಂದು ಬಿರುಕು.

ಓರೆ ಅಡಿಗೆ ಒಂದಿಂಚು, ಇಡೀ ಉದ್ದಕ್ಕೆ ಹತ್ತು ಸೆಂಟಿಮೀಟರ್. ಮುಂದಿನ ಕಾಲಿಗೆ ತೂತುಗಳ ಪಟ್ಟಿ ಹಾಕಿ ಎತ್ತರ ಬದಲಿಸುವಂತೆ ಮಾಡಿದ್ದೇನೆ. ಇದನ್ನು ಬಿಡಬಾರದು, ಏಕೆಂದರೆ ಸರಿಯಾದ ಓರೆಯನ್ನು ಕಣ್ಣೇ ಹೇಳಬೇಕು. ಪಟ್ಟಿಗಳ ಸಂದು ಮರಳಿನಿಂದ ಅರ್ಧ ತುಂಬಿ, ಉಳಿದರ್ಧದಲ್ಲಿ ಮರಳು ಕುದಿಯುವಂತೆ ಆಡುತ್ತಿದ್ದರೆ ಸರಿ. ಪೂರ್ತಿ ತುಂಬಿ ಗಟ್ಟಿಯಾದರೆ ಓರೆ ಸಾಲದು. ಆಮೇಲೆ ಬಂದದ್ದೆಲ್ಲ ಮೇಲಿಂದಲೇ ಜಾರಿಹೋಗುತ್ತದೆ. ಸಂದು ಖಾಲಿಯಾಗಿ ಜಾಲರಿ ಹೊಳೆಯುತ್ತಿದ್ದರೆ ಓರೆ ಹೆಚ್ಚು. ಕೊಳವೆಯಿಂದ ನುಗ್ಗಿ ಬರುವ ನೀರು ನೇರವಾಗಿ ಪಟ್ಟಿಗಳಿಗೆ ಬಡಿಯದಂತೆ ಮೊದಲು ಒಂದು ಆಳದ ಡಬ್ಬಿಗೆ ಬಿದ್ದು, ಅಲ್ಲಿಂದ ತೂತಿನ ತಗಡಿನ ಮೇಲೆ ಹರಿದು ಬರುತ್ತದೆ. ಅರ್ಧ ಇಂಚಿಗಿಂತ ದೊಡ್ಡ ಕಲ್ಲೆಲ್ಲ ತಗಡಿನ ಮೇಲಿಂದಲೇ ಪಕ್ಕಕ್ಕೆ ಉರುಳಿಹೋಗುತ್ತವೆ.

ಚಾಲೂ ಮಾಡಿದ್ದು

ಹೋಸನ್ನು ಪೂರ್ತಿ ನೀರೊಳಗೆ ಮಲಗಿಸಿ ಗಾಳಿ ತೆಗೆದು, ಪಂಪಿಗೆ ನೀರು ತುಂಬಿ, ಇಂಜಿನ್ ಎಳೆದೆವು. ಪೆಟ್ಟಿಗೆಗೆ ಮೊದಲು ಬಂದದ್ದು ಬರೀ ಜೆಟ್ಟಿನ ನೀರು. ಹೋಸಿನಲ್ಲಿ ಉಳಿದ ಗಾಳಿ ಬುಳುಬುಳು ಎಂದು ಹೊರಬಿದ್ದ ಮೇಲೆ ಹರಿವು ಒಮ್ಮೆಲೇ ಎರಡರಷ್ಟಾಯಿತು. ಹೋಸಿನ ಬಾಯಿಯನ್ನು ಮರಳಿಗೆ ಒಡ್ಡಿದಾಗ ಕಲ್ಲುಗಳು ಒಳಗೆ ಕಟಕಟ ಬಡಿದುಕೊಂಡು ಬರುವ ಸದ್ದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಳತೆಗಾಗಿ ಹೊರಬಾಯಿಯನ್ನು 200 ಲೀಟರಿನ ಡ್ರಮ್ಮಿಗೆ ತಿರುಗಿಸಿದೆ. 20 ಸೆಕೆಂಡಿನಲ್ಲಿ ತುಂಬಿತು. ಸೆಕೆಂಡಿಗೆ 10 ಲೀಟರ್. ಅದರಲ್ಲಿ ಜೆಟ್ಟಿನ ಪಾಲು ನಾಲ್ಕು ಚಿಲ್ಲರೆ ಕಳೆದರೆ ಹೋಸು ಎಳೆದದ್ದು ಐದೂವರೆಗೂ ಹೆಚ್ಚು. ಎರಡೂವರೆ ಇಂಚಿನ ಹೋಸಿನಲ್ಲಿ ಅದು ಸೆಕೆಂಡಿಗೆ 1.8 ಮೀಟರ್ ವೇಗ, 48 ಎಂಎಂ ಬಾಯಿಯಲ್ಲಿ 3 ಮೀಟರ್. ದೊಡ್ಡ ನೆಲ್ಲಿಕಾಯಿ ಗಾತ್ರದ ಕಲ್ಲು ನಿಂತ ನೀರಿನಲ್ಲಿ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ವೇಗದಲ್ಲಿ ಮುಳುಗುತ್ತದೆ, ಹಾಗಾಗಿ ಅದನ್ನು ಮೇಲೆತ್ತಲು ಈ ವೇಗ ಧಾರಾಳ.

ಬಾಯಿ ಹಿಡಿಯುವುದರಲ್ಲೂ ಒಂದು ಹದವಿದೆ. ಮರಳಿಗೆ ಚುಚ್ಚಿ ಇಟ್ಟರೆ ನೀರಿಗಿಂತ ಮರಳೇ ಹೆಚ್ಚಾಗಿ ಹೋಸು ಕಟ್ಟಿಕೊಳ್ಳುತ್ತದೆ. ಒಂದೆರಡು ಬೆರಳು ಮೇಲೆ ಓರೆಯಾಗಿ ಹಿಡಿದು ನಿಧಾನ ಸರಿಸುತ್ತ ಹೋಗಬೇಕು, ನೀರಿನ ಜೊತೆಗೆ ತಿನ್ನಿಸಬೇಕು. ಮರಳು, ಜಲ್ಲಿ ಚೆನ್ನಾಗಿ ಬರುತ್ತದೆ. ಅಂಟು ಜೇಡಿ ಬರುವುದಿಲ್ಲ, ಹಾರೆಯಿಂದ ಕದಡಿ ಬಿಡಿಸಿಕೊಡಬೇಕು. ಕೊಳೆಯದ ಎಲೆ, ಬೇರು, ಅಡಿಕೆ ಹಾಳೆಯ ಚೂರು ಇದರ ಶತ್ರುಗಳು. ಅವನ್ನು ಮೊದಲೇ ಕುಕ್ಕೆಯಲ್ಲಿ ಬಾಚಿ ತೆಗೆಯುವುದೇ ಲೇಸು.

ಇನ್ನು ಪೆಟ್ಟಿಗೆಯ ಪರೀಕ್ಷೆ. ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಬಡಿದು ಚಪ್ಪಟೆ ಮಾಡಿ, ಅಕ್ಕಿನುಚ್ಚಿನ ಗಾತ್ರಕ್ಕೆ ಕತ್ತರಿಸಿ, 40 ತುಣುಕು ಎಣಿಸಿ ಒಂದು ಬಕೆಟ್ ಮರಳಿಗೆ ಬೆರೆಸಿ ಹೋಸಿಗೆ ತಿನ್ನಿಸಿದೆ. ಸೀಸ ಚಿನ್ನಕ್ಕಿಂತ ಎಷ್ಟೋ ಹಗುರ, ಚಪ್ಪಟೆ ಮಾಡಿದ್ದರಿಂದ ನೀರಿನಲ್ಲಿ ಇನ್ನೂ ಸುಲಭವಾಗಿ ತೇಲಿಹೋಗುತ್ತದೆ. ಅದನ್ನು ಹಿಡಿದ ಪೆಟ್ಟಿಗೆ ಅದೇ ಗಾತ್ರದ ಚಿನ್ನವನ್ನು ಬಿಡುವುದಿಲ್ಲ. ಕೊನೆಯಲ್ಲಿ ಮ್ಯಾಟು, ಕಾರ್ಪೆಟ್ಟು ಬಕೆಟ್ಟಿನಲ್ಲಿ ತೊಳೆದು, ಸಿಕ್ಕಿದ್ದನ್ನು ಅಗಲ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಜಾಲಿಸಿದೆ. ನೀರಿಗೆ ಎರಡು ಅಂಟುವಾಳಕಾಯಿಯ ನೊರೆ ಹಾಕಿದ್ದೆ. ಇಲ್ಲದಿದ್ದರೆ ತೆಳು ಚೂರುಗಳು ನೀರಿನ ಪೊರೆಯ ಮೇಲೆ ಕೂತು ತೇಲಿಬಿಡುತ್ತವೆ. ಕಪ್ಪು ಮರಳನ್ನು ಪಾಲಿಥೀನ್ ಸುತ್ತಿದ ಅಯಸ್ಕಾಂತದಿಂದ ಎತ್ತಿದ ಮೇಲೆ 38 ತುಣುಕು ಸಿಕ್ಕವು. ಬಹುಪಾಲು ಮೊದಲ ಮೂರು ಪಟ್ಟಿಗಳ ಒಳಗೇ ಇದ್ದವು. ಸೀಸ ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯದೆ ಊಟಕ್ಕೆ ಕೂರಬಾರದು, ಚೂರುಗಳು ಕೆರೆಗೆ ಬೀಳಬಾರದು. ಪೆಟ್ಟಿಗೆಯ ಕೊನೆಗೆ ಗೋಣಿಚೀಲ ಕಟ್ಟಿ, ದಡದ ಮೇಲೆ ಬೇರೆ ತೊಟ್ಟಿಯ ನೀರಿನಲ್ಲಿ ಮಾಡಿದ ಪರೀಕ್ಷೆ ಇದು. ಉಳಿದೆರಡು ಚೂರು ಚೀಲದಲ್ಲಿದ್ದವು.

ಕೆರೆಯ ಕೆಲಸದಲ್ಲಿ ಪೆಟ್ಟಿಗೆಯಿಂದ ಬಿದ್ದ ಕೆಸರುನೀರನ್ನು ಪೈಪಿನಲ್ಲಿ ದಡಕ್ಕೆ ಒಯ್ದು ಎರಡು ಗುಂಡಿಗಳ ಮೂಲಕ ಹಾಯಿಸಿದೆ. ಮೊದಲ ಗುಂಡಿಯಲ್ಲಿ ಮರಳು ನಿಲ್ಲುತ್ತದೆ, ಎರಡನೆಯದರಲ್ಲಿ ಗೋಡು. ಅದರ ಬಾಯಿಗೆ ದರಗು ಒತ್ತಿದ್ದೇನೆ, ಸೋಸಿಕೊಂಡ ನೀರು ಕೆರೆಗೇ ವಾಪಸು. ಗೋಡು ಅಡಿಕೆ ಬುಡಕ್ಕೆ ಹೋಯಿತು, ಮರಳು ಅಂಗಳದ ಕೆಲಸಕ್ಕೆ. ಏರಿಯ ಬುಡದಿಂದ ಎರಡು ಮೀಟರ್ ಜಾಗಕ್ಕೆ ಹೋಸು ತಾಗಿಸಿಲ್ಲ. ಅಲ್ಲಿ ಮಣ್ಣು ತೆಗೆದರೆ ಮಳೆಗಾಲದಲ್ಲಿ ಏರಿಯೇ ಕೂರಬಹುದು. ನೀರು ಎದೆಮಟ್ಟಕ್ಕಿಂತ ಹೆಚ್ಚಿರುವ ಕಡೆ ಇಳಿದೂ ಇಲ್ಲ. ಹೊರದೇಶಗಳಲ್ಲಿ ಕಂಪ್ರೆಸರಿನ ಗಾಳಿಕೊಳವೆ ಕಚ್ಚಿಕೊಂಡು ಮುಳುಗಿ ಮಾಡುವವರಿದ್ದಾರೆ, ತರಬೇತಿ ಇಲ್ಲದೆ ಅದಕ್ಕೆ ಯಾರೂ ಕೈ ಹಾಕಬಾರದು. ಇಂಜಿನ್ ಓಡುವಾಗ ಒಬ್ಬರು ದಡದಲ್ಲಿ ಇರಲೇಬೇಕು.

ಮಳೆ ಹಿಡಿಯುವ ಮುಂಚೆ ಎಲ್ಲ ಬಿಚ್ಚಿ ಅಟ್ಟಕ್ಕೆ ಹಾಕಬೇಕು. ಕಾರ್ಬುರೇಟರಿನ ಪೆಟ್ರೋಲ್ ಬಸಿದು, ಪಂಪಿನ ಹೊಟ್ಟೆಯ ನೀರು ತೆಗೆದು, ಸ್ಟೀಲ್ ಟ್ಯೂಬಿಗೆ ಒಳಗೂ ಹೊರಗೂ ರೆಡಾಕ್ಸೈಡ್ ಬಳಿಯಬೇಕು. ಜೆಟ್ಟಿನ ಎದುರುಗೋಡೆ ಕಲ್ಲು ಬಡಿದು ಈಗಾಗಲೇ ಹೊಳಪಾಗಿದೆ. ಅಲ್ಲಿ ತಗಡು ತೆಳುವಾದರೆ ಮುಂದಿನ ಬೇಸಿಗೆಗೆ ಆ ತುಂಡನ್ನಷ್ಟೇ 3 ಎಂಎಂ ದಪ್ಪದ ಟ್ಯೂಬಿನಲ್ಲಿ ಮಾಡಿಸುವ ಯೋಚನೆ ಇದೆ. ಒಳವ್ಯಾಸ ಮಾತ್ರ 60ಕ್ಕಿಂತ ಕಡಿಮೆಯಾಗಕೂಡದು.